ಕೈಕೊಡುವ ಕಾರು

ಹಲ್ಲು ಡಾಕ್ಟರು ಯಾವ ರೇಸನ್ನೂ ಸೋತವರಲ್ಲ. ಸೋಲಬೇಕಾದರೆ ಮೊದಲು ಕೊನೆಯವರೆಗೆ ಓಡಿಸಬೇಕು. ಅವರು ಒಂದನ್ನೂ ಕೊನೆಯವರೆಗೆ ಓಡಿಸಿರಲಿಲ್ಲ. ಪ್ರತಿ ಸಲ ನಡುದಾರಿಯಲ್ಲಿ ಕಾರು ಕೈಕೊಡುತ್ತಿತ್ತು. ಒಮ್ಮೆ ಕ್ಲಚ್ಚು, ಒಮ್ಮೆ ಪೆಟ್ರೋಲ್ ಪಂಪು, ಒಮ್ಮೆ ಫ್ಯಾನ್ ಬೆಲ್ಟು, ಇನ್ನೊಮ್ಮೆ ಹೆಸರಿಡಲಾಗದ ಒಂದು ಸದ್ದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನೋಣವೆಂದರೆ, ಇಲ್ಲಿ ಅದೇ ಕಾಗೆ ತಿಂಗಳು ತಿಂಗಳೂ ಬಂದು ಅದೇ ಕೊಂಬೆಯ ಮೇಲೆ ಕೂರುತ್ತಿತ್ತು. ಡಾಕ್ಟರ ಮುಂದೆ ಏಳು ಕಾರು ಹೋಗಿ ಎಂಟನೆಯದೂ ದಾಟಿತು ಅನ್ನುವಾಗಲೇ ಅವರ ಎಂಜಿನ್ನಿಗೆ ಉಬ್ಬಸ ಬರುತ್ತಿತ್ತು. ಅವರು ಕೈ ಎತ್ತಿ, ದಾರಿ ಬಿಟ್ಟುಕೊಟ್ಟು, ಮೆರವಣಿಗೆಯ ಗತ್ತಿನಲ್ಲಿ ಕಾರು ನಿಲ್ಲಿಸುವ ಅಂಗಳದ ಒಳಗೆ ಬಂದು ಹೆಲ್ಮೆಟ್ ತೆಗೆದು ನಿಟ್ಟುಸಿರು ಬಿಡುತ್ತಿದ್ದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗುತ್ತಿರಲಿಲ್ಲ.

ರೇಸು ನಡೆಯುತ್ತಿದ್ದುದು ಊರಾಚೆ ಮುಚ್ಚಿಹೋಗಿದ್ದ ಬಟ್ಟೆ ಗಿರಣಿಯ ಒಳರಸ್ತೆಗಳಲ್ಲಿ. ತಿಂಗಳಿಗೊಂದು ಭಾನುವಾರ ಹವ್ಯಾಸಿಗಳ ಕ್ಲಬ್ಬಿನವರು ಗೇಟು ತೆಗೆಸಿ, ತಿರುವುಗಳಲ್ಲಿ ಹಳೆ ಟಯರು ಪೇರಿಸಿ, ಒಂದು ಬೆಳಿಗ್ಗೆಯ ಮಟ್ಟಿಗೆ ವೀರರಾಗುತ್ತಿದ್ದರು. ಗೋದಾಮುಗಳ ಪಕ್ಕದ ಉದ್ದನೆಯ ರಸ್ತೆ, ಅದರ ಕೊನೆಗೆ ತೂಕದ ಮನೆಯ ತಿರುವು, ನೀರಿನ ಟ್ಯಾಂಕನ್ನು ಬಳಸಿ ಒಂದು ಏರು, ಆಮೇಲೆ ಹಳೆಯ ಕ್ಯಾಂಟೀನಿನ ಮುಂದೆ ಹೇರ್‌ಪಿನ್ನಿನಂಥ ತಿರುವು. ಕಾರುಗಳೆಲ್ಲ ಸಂಸಾರಸ್ಥರು ಓಡಿಸಿ ಸಾಕುಮಾಡಿದ ಹಳೆಯ ಸಣ್ಣ ಕಾರುಗಳು. ಹಿಂದಿನ ಸೀಟು ಕಿತ್ತು ಒಳಗೆ ಕಬ್ಬಿಣದ ಪೈಪು ಬೆಸೆದಿದ್ದರು. ಓಡಿಸುವವರೂ ಸಂಸಾರಸ್ಥರೇ, ಹಳಬರೇ.

ಡಾಕ್ಟರ ಬಳಿ ಇರಬೇಕಾದ್ದೆಲ್ಲ ಇತ್ತು. ಬೆಂಕಿ ತಾಗದ ಅಂಗಿ, ಬೆಂಕಿ ತಾಗದ ಒಳಅಂಗಿ, ಕತ್ತಿಗೆ ಕಟ್ಟುವ ಪಟ್ಟಿ, ತೆಳು ಅಟ್ಟೆಯ ಬೂಟು. ದವಾಖಾನೆಯ ಗೋಡೆಯ ಮೇಲೆ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡ ಫೋಟೋ ಇತ್ತು. ರೋಗಿಗಳನ್ನು ಕುರ್ಚಿಯಲ್ಲಿ ಒರಗಿಸಿ, ಬಾಯಿಗೆ ಹತ್ತಿ ತುರುಕಿ, ಕೊರೆಯುವ ಯಂತ್ರ ಕೈಗೆತ್ತಿಕೊಂಡ ಮೇಲೆ ಅವರು ಹಿಂದಿನ ಭಾನುವಾರದ ಕಥೆ ಶುರುಮಾಡುತ್ತಿದ್ದರು. "ನಾಲ್ಕನೇ ಸುತ್ತಿನವರೆಗೆ ನಂದೇ ಕಾರು ಮುಂದೆ. ಆಮೇಲೆ ನೋಡಿ, ಪಂಪು ಕೈಕೊಡ್ತು." ಬಾಯಿ ತೆರೆದುಕೊಂಡೇ ಇದ್ದ ರೋಗಿ "ಆಂ" ಎನ್ನುತ್ತಿದ್ದ. ಅದನ್ನು ಡಾಕ್ಟರು ಮೆಚ್ಚುಗೆಯೆಂದು ಬಗೆಯುತ್ತಿದ್ದರು.

ಕ್ಲಬ್ಬಿನವರೂ ತಲೆ ಆಡಿಸುತ್ತಿದ್ದರು. "ಛೇ, ಪಾಪ, ಒಳ್ಳೇ ಓಟ ಹಾಳಾಯ್ತಲ್ಲ ಡಾಕ್ಟ್ರೇ," ಎನ್ನುತ್ತಿದ್ದರು. ಇದು ಕರುಣೆಯಲ್ಲ, ಮುಂದಾಲೋಚನೆ. ಕೈಕೊಟ್ಟ ಕಾರು ಎಂಬುದು ಕ್ಲಬ್ಬಿನ ಎಲ್ಲರಿಗೂ ಸೇರಿದ ಆಸ್ತಿ. ಇವತ್ತು ಇವರಿಗೆ, ನಾಳೆ ತನಗೆ. ಕುಣಿಯಲಾರದವಳು ನೆಲ ಡೊಂಕು ಅಂದಾಗ, ಪಕ್ಕದಲ್ಲಿ ಕುಣಿಯಲಾರದ ಎಂಟು ಜನ ನಿಂತಿದ್ದರೆ, ಹೌದು ಡೊಂಕೇ ಅನ್ನದೆ ಇನ್ನೇನು ಅಂದಾರು?

ಕಾರನ್ನು ನೋಡಿಕೊಳ್ಳುತ್ತಿದ್ದವನು ಒಬ್ಬ ಮೆಕ್ಯಾನಿಕ್ಕು. ಮೊದಮೊದಲು ಅವನು ಭಾನುವಾರದ ಸಂಜೆ ಬಾನೆಟ್ ಎತ್ತಿ, ಕತ್ತಲಾಗುವವರೆಗೆ ದೋಷ ಹುಡುಕುತ್ತಿದ್ದ. ಏನೂ ಸಿಗುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಅವನಿಗೆ ರೋಗ ಯಾವುದು, ರೋಗಿ ಯಾರು ಎಂಬುದು ತಿಳಿಯಿತು. ಆಮೇಲೆ ಬಾನೆಟ್ ಎತ್ತುವುದು, ಒಂದು ಬೀಡಿ ಮುಗಿಯುವವರೆಗೆ ಒಳಗೆ ನೋಡುವುದು, ಬಾನೆಟ್ ಇಳಿಸುವುದು, "ಕಾರ್ಬ್ಯುರೇಟರಲ್ಲಿ ಕಸ ಇತ್ತು ಸಾರ್" ಅನ್ನುವುದು. ಡಾಕ್ಟರಿಗೆ ಸಮಾಧಾನ, ಅವನಿಗೆ ಬಿಡುವು.

ಈ ಸಲ ರೇಸಿಗೆ ಮೂರು ದಿನ ಮೊದಲು ಡಾಕ್ಟರು ಅವನ ಶೆಡ್ಡಿಗೆ ಹೋಗಿ, "ಕ್ಲಚ್ಚು ಯಾಕೋ ಬಿಗಿಯಾಗಿದೆ. ಒತ್ತಿದ್ರೆ ಒಳಗೆ ಏನೋ ಕಿರುಗುಟ್ಟುತ್ತೆ, ನೋಡು," ಅಂದರು.

ಮೆಕ್ಯಾನಿಕ್ಕು ಅವರ ಮುಖವನ್ನೇ ನೋಡಿದ. ಕಾರಣವನ್ನು ಈ ಸಲ ಮುಂಗಡವಾಗಿಯೇ ಕಾದಿರಿಸುತ್ತಿದ್ದಾರೆ ಎಂದುಕೊಂಡ. ಬೆಳೆಯುತ್ತಿದ್ದಾರೆ ಮನುಷ್ಯ. "ಬಿಟ್ಟು ಹೋಗಿ ಸಾರ್, ನೋಡ್ತೀನಿ," ಅಂದ. ಪೆಡಲ್ಲನ್ನು ಒಂದು ಬಟ್ಟೆಯಲ್ಲಿ ಒರೆಸಿ, ಅದರ ತಿರುಗಣೆಗೆ ಎರಡು ಹನಿ ಎಣ್ಣೆ ಬಿಟ್ಟು, ಶನಿವಾರ ಫೋನು ಮಾಡಿದ. "ಆಯ್ತು ಸಾರ್. ಬೆಣ್ಣೆ ಥರ ಇದೆ ಈಗ."

ಡ್ಯಾಶ್‌ಬೋರ್ಡಿನ ಹಿಂದೆ ಕ್ಲಚ್ಚಿನ ಕೇಬಲ್ಲು, ಒಂದೊಂದೇ ಎಳೆ ಕಡಿದುಕೊಳ್ಳುತ್ತ, ಭಾನುವಾರಕ್ಕೆ ಕಾಯುತ್ತಿತ್ತು.

ಡಾಕ್ಟರ ಹೆಂಡತಿ ಆಸ್ಪತ್ರೆಯೊಂದರಲ್ಲಿ ಜನರ ಕಿವಿ ಪರೀಕ್ಷೆ ಮಾಡುತ್ತಿದ್ದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿತೇ ಎಂದು ಕೇಳುವುದು ಅವಳ ಕೆಲಸ. ಕೇಳಿಸದಿದ್ದರೂ ಕೇಳಿಸಿತು ಅನ್ನುವವರನ್ನು ದಿನವೂ ನೋಡುತ್ತಿದ್ದಳು. ಹೀಗಾಗಿ ಗಂಡನ ಕಥೆಗಳನ್ನು ಅವಳು ಹಳೆಯ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆಯ ಹಾಗೆ ಇರಲಿ ಬಿಡು ಎಂದು ಬಿಟ್ಟಿದ್ದಳು. ರೇಸಿಗೆ ಅವಳು ಬರುತ್ತಿದ್ದದ್ದು ಅಪರೂಪ. ಈ ಸಲ ಬಂದದ್ದು ತಮ್ಮನ ಕಾಟಕ್ಕೆ. ಅವಳ ತಮ್ಮ ಟೈಲ್ಸ್ ಅಂಗಡಿಯವನು. ಕ್ಲಬ್ಬಿನಲ್ಲಿ ಅವನನ್ನು ಟೈಲ್ಸ್ ಎಂದೇ ಕರೆಯುತ್ತಿದ್ದರು. ಆ ವರ್ಷ ಅವನೇ ಅಧ್ಯಕ್ಷ. ಗೆದ್ದವನ ಕಪ್ಪನ್ನು ಅಕ್ಕನ ಕೈಯಿಂದ ಕೊಡಿಸಬೇಕು ಅಂತ ಅವನ ಆಸೆ. ಕಪ್ಪು ಗೆಲ್ಲುವವನು ಬಹುಮಟ್ಟಿಗೆ ಅವನೇ ಆಗಿರುತ್ತಿದ್ದರಿಂದ, ಅಕ್ಕ ತಮ್ಮನಿಗೆ ಕೊಡುವ ಫೋಟೋ ಅಂಗಡಿಗೆ ಚೆನ್ನಾಗಿರುತ್ತದೆ ಅನ್ನುವುದೂ ಒಂದು ಲೆಕ್ಕ.

ಭಾನುವಾರ ಬೆಳಿಗ್ಗೆ ಡಾಕ್ಟರು ಗಿರಣಿಯ ಶೌಚಾಲಯದಲ್ಲಿ ಬೆಂಕಿ ತಾಗದ ಒಳಅಂಗಿಯ ಜಿಪ್ಪಿನೊಡನೆ ಹೆಣಗುತ್ತಿದ್ದಾಗ ಗೋಡೆಯಾಚೆ ಮಾತು ಕೇಳಿಸಿತು.

"ನಾನು ರೇಡಿಯೇಟರ್," ಅಂದಿತು ಒಂದು ದನಿ. ಔಷಧಿ ಅಂಗಡಿಯವನದು.

"ಅದು ಬೇಸಿಗೇಲಿ ಆಯ್ತಲ್ಲ. ನಂದು ಗೇರ್‌ಬಾಕ್ಸ್." ಇದು ಬಾವುಟದವನದು. ಮುದ್ರಣಾಲಯ ನಡೆಸುತ್ತಿದ್ದ ಕ್ಲಬ್ಬಿನ ಕಾರ್ಯದರ್ಶಿ. ಶುರುವಿಗೂ ಕೊನೆಗೂ ಬಾವುಟ ಬೀಸುವವನು ಅವನೇ ಆದ್ದರಿಂದ ಆ ಹೆಸರು.

"ಕ್ಲಚ್ಚು ಯಾರೂ ಹೇಳ್ಬೇಡಿ. ಹೋದ ತಿಂಗಳು ತಾನೇ ಕ್ಲಚ್ ಕೇಬಲ್ ತುಂಡಾಯ್ತು ಅಂದಿದಾರೆ ನಮ್ಮ ಭಾವ. ಒಂದೇ ರೋಗ ಎರಡು ಸಲ ಹೇಳೋರಲ್ಲ ಅವ್ರು, ಮರ್ಯಾದಸ್ಥರು." ಟೈಲ್ಸ್. "ಸೋತೋರು ಗೆದ್ದೋನಿಗೆ ಚಹಾ ಕೊಡಿಸ್ಬೇಕು."

ನಗು ಕೇಳಿಸಿತು. ಕೆಟ್ಟ ನಗುವೇನಲ್ಲ, ಬಹಳ ದಿನದಿಂದ ರೂಢಿಯಾದ, ಕಾಲು ಚಾಚಿ ಕೂತ ನಗು. ಡಾಕ್ಟರು ಜಿಪ್ಪನ್ನು ಹಿಡಿದುಕೊಂಡು ಹಾಗೇ ನಿಂತರು. ಇಷ್ಟು ವರ್ಷ ಇವರೆಲ್ಲ ತಲೆ ಆಡಿಸಿದ್ದು, ಛೇ ಅಂದದ್ದು, ಹೆಗಲು ತಟ್ಟಿದ್ದು. ಹಲ್ಲು ನೋವಿನವರು ನೋವಿಲ್ಲ ಎಂದು ಸುಳ್ಳು ಹೇಳಿದರೆ ಕಣ್ಣಿನಲ್ಲೇ ಹಿಡಿಯುವ ಮನುಷ್ಯನಿಗೆ, ತನ್ನ ಸುಳ್ಳನ್ನು ಬೇರೆಯವರು ಹಿಡಿದಿರಬಹುದು ಎಂಬುದು ಹೊಳೆದಿರಲೇ ಇಲ್ಲ. ಇಂಥ ದಡ್ಡತನಕ್ಕೆ ಓದು ಬೇಕೇ ಬೇಕು. ಓದದವರಿಗೆ ಅಷ್ಟು ಆತ್ಮವಿಶ್ವಾಸ ಬರುವುದಿಲ್ಲ.

ಮುಖ ತೊಳೆದುಕೊಂಡು ಹೊರಗೆ ಬಂದಾಗ ಟೈಲ್ಸ್ ಎದುರಾದ. "ಏನ್ ಭಾವ, ಗಾಡಿ ಹೇಗಿದೆ?"

"ಚೆನ್ನಾಗಿದೆ," ಅಂದರು ಡಾಕ್ಟರು.

"ಇವತ್ತು ಏನೂ ಆಗಲ್ಲ ತಾನೇ?"

"ಏನೇ ಆದ್ರೂ ಕೊನೇ ಸುತ್ತಿನವರೆಗೂ ಓಡಿಸ್ತೀನಿ."

ಟೈಲ್ಸ್ ಅಕ್ಕನ ಕಡೆ ನೋಡಿ ಹುಬ್ಬು ಹಾರಿಸಿದ. ಅವಳು ಮಡಚುವ ಕುರ್ಚಿಯನ್ನು ಎತ್ತಿಕೊಂಡು ಕ್ಯಾಂಟೀನ್ ತಿರುವಿನ ಕಡೆ ನಡೆದುಬಿಟ್ಟಳು.

ಹತ್ತು ಸುತ್ತಿನ ರೇಸು, ಒಂಬತ್ತು ಕಾರು. ಬಾವುಟ ಬಿತ್ತು. ಡಾಕ್ಟರು ಆ ದಿನ ಸಿಟ್ಟಿನಲ್ಲಿ ಓಡಿಸಿದರು. ಸಿಟ್ಟು ಅವರಿಗೆ ಒಗ್ಗುತ್ತಿತ್ತು. ಯಾವಾಗಲೂ ಕನ್ನಡಿಯಲ್ಲಿ ಹಿಂದಿನವರನ್ನು ನೋಡುತ್ತಿದ್ದವರು ಈ ಸಲ ಮುಂದೆ ನೋಡಿದರು. ಯಾವಾಗಲೂ ಗೋದಾಮಿನ ಕೊನೆಯ ಬಾಗಿಲ ಬಳಿಯೇ ಬ್ರೇಕು ಒತ್ತುತ್ತಿದ್ದವರು ಬಾಗಿಲು ದಾಟಿದ ಮೇಲೆ ಒತ್ತಿದರು. ಎರಡನೆಯ ಸುತ್ತು ಮುಗಿಯುವಾಗ ಐದನೆಯವರಾಗಿದ್ದರು. ಅವರ ಜೀವನದಲ್ಲಿ ಇಷ್ಟು ಮುಂದೆ ಅವರು ಬಂದದ್ದು ಮದುವೆಯ ಊಟದ ಸಾಲಿನಲ್ಲಿ ಮಾತ್ರ.

ಮೂರನೆಯ ಸುತ್ತಿನಲ್ಲಿ ತೂಕದ ಮನೆಯ ತಿರುವಿಗೆ ಬಂದು, ಗೇರು ಇಳಿಸಲು ಎಡಗಾಲು ಒತ್ತಿದರು. ಟಪ್ ಅಂತ ಸಣ್ಣ ಸದ್ದು. ಪೆಡಲ್ಲು ನೆಲಕ್ಕೆ ಹೋಗಿ ಅಲ್ಲೇ ಮಲಗಿತು. ಬೂಟಿನ ತುದಿಯಿಂದ ಎತ್ತಿದರೆ ಎದ್ದಿತು, ಬಿಟ್ಟರೆ ಮತ್ತೆ ಮಲಗಿತು. ಕ್ಲಚ್ಚು ಕಾಲಿಗೆ ಸೇರಿದ್ದಾದರೂ, ಕೆಟ್ಟಾಗ ಅದು ಕೊಡುವುದು ಕೈಯನ್ನೇ.

ನಿಜವಾಗಿಯೂ ಕೈಕೊಟ್ಟಿತ್ತು.

ಡಾಕ್ಟರಿಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಹಳೆಯ ಅಭ್ಯಾಸ. ಬಲಗೈ ತಾನಾಗಿಯೇ ಮೇಲೆದ್ದಿತು, ಕಾರು ತಾನಾಗಿಯೇ ಪಕ್ಕಕ್ಕೆ ಸರಿಯಿತು. ನಾಲಿಗೆಯ ಮೇಲೆ ಮಾತೂ ಸಿದ್ಧವಿತ್ತು: ಕ್ಲಚ್ ಕೇಬಲ್ ತುಂಡಾಯ್ತು. ಆಗ ಹೊಳೆಯಿತು, ಈ ಮಾತನ್ನು ಹೋದ ತಿಂಗಳೇ ಖರ್ಚು ಮಾಡಿ ಆಗಿದೆ ಅಂತ. ಈಗ ಒಳಗೆ ಹೋದರೆ ನಿಜವಾದ ರೋಗಕ್ಕೆ ಒಂದು ಸುಳ್ಳು ಹೆಸರು ಹುಡುಕಿಕೊಡಬೇಕು. ಬಾವುಟದವನ ಗೇರ್‌ಬಾಕ್ಸ್ ಅಂದರೆ ಅವನು ಚಹಾ ಗೆಲ್ಲುತ್ತಾನೆ. ರೇಡಿಯೇಟರ್ ಅಂದರೆ ಔಷಧಿ ಅಂಗಡಿಯವನು. ಡಾಕ್ಟರು ಎತ್ತಿದ ಕೈ ಇಳಿಸಿದರು.

ಕೋಲನ್ನು ಆಗಲೇ ನಾಲ್ಕರಿಂದ ಎಳೆದಾಗಿತ್ತು, ಕಾರು ಯಾವ ಗೇರಿನಲ್ಲೂ ಇಲ್ಲದೆ ಉರುಳುತ್ತಿತ್ತು. ಗೇರಿನ ಕೋಲನ್ನು ಮೂರಕ್ಕೆ ತಳ್ಳಿದರೆ ಕರಕರ ಎಂದು ಹಲ್ಲು ಕಡಿಯಿತು. ಎಂಜಿನ್ನು ಒಂದು ವೇಗ, ಚಕ್ರ ಒಂದು ವೇಗ. ಎತ್ತು ಏರಿಗೆ, ಕೋಣ ನೀರಿಗೆ. ಆಗ ಅವರಿಗೆ ಸೋದರಮಾವನ ವ್ಯಾನು ನೆನಪಾಯಿತು. ಕಾಲೇಜಿನ ರಜೆಯಲ್ಲಿ ಅವರು ಓಡಿಸುತ್ತಿದ್ದ ಮಾವನ ಹಾಲಿನ ವ್ಯಾನಿಗೆ ಕ್ಲಚ್ಚು ಇರಲಿಲ್ಲ, ಅದನ್ನು ಸರಿಮಾಡಿಸುವ ಮನಸ್ಸು ಮಾವನಿಗೂ ಇರಲಿಲ್ಲ. "ಬಲವಂತ ಮಾಡ್ಬೇಡ್ವೋ. ಅದಕ್ಕೆ ಒಳಗೆ ಹೋಗೋ ಹೊತ್ತು ಅಂತ ಒಂದು ಬರುತ್ತೆ. ಆಕ್ಸಿಲರೇಟರ್ ಕೊಟ್ಟು ಬಿಟ್ಟು ಮಾಡ್ತಾ ಕಾಯಿ," ಎನ್ನುತ್ತಿದ್ದರು ಮಾವ.

ಡಾಕ್ಟರು ಆಕ್ಸಿಲರೇಟರ್ ಒಂದಿಷ್ಟು ಒತ್ತಿ ಬಿಟ್ಟರು. ಎರಡೇ ಬೆರಳಿನಿಂದ ಕೋಲನ್ನು ಮೂರರ ಬಾಯಿಗೆ ತಾಗಿಸಿ ಹಿಡಿದರು. ಕಿರುಗುಟ್ಟಿತು, ನಡುಗಿತು, ಆಮೇಲೆ ಯಾರೂ ತಳ್ಳದೆ ಒಳಗೆ ಇಳಿಯಿತು. ಅವರ ಬಗ್ಗೆ ಏನೇ ಹೇಳಿದರೂ ಅವರ ಕೈ ಮಾತ್ರ ಕೆಟ್ಟ ಕೈಯಲ್ಲ. ಹಲ್ಲು ಕೀಳುವಾಗ ಎಳೆದರೆ ಬೇರಿನಲ್ಲಿ ಮುರಿಯುತ್ತದೆ, ಅಲುಗಿಸುತ್ತ ಕಾದರೆ ತಾನೇ ಬರುತ್ತದೆ ಎಂಬುದನ್ನು ಆ ಬೆರಳುಗಳು ದಿನವೂ ಮಾಡುತ್ತಿದ್ದವು. ಆ ಬುದ್ಧಿ ಬೆರಳಿನಿಂದ ತಲೆಗೆ ಏರಲು ಇಷ್ಟು ವರ್ಷ ಬೇಕಾಯಿತು, ಅಷ್ಟೇ.

ಅಲ್ಲಿಂದ ಮುಂದೆ ಅವರು ಮೂರನೆಯ ಗೇರನ್ನೇ ನಂಬಿದರು. ಉದ್ದನೆಯ ರಸ್ತೆಯಲ್ಲಿ ಮಾತ್ರ ನಾಲ್ಕಕ್ಕೆ ಏರಿಸುವುದು, ತೂಕದ ಮನೆಗೆ ಮುಂಚೆ ಕಾದು ಮತ್ತೆ ಮೂರಕ್ಕೆ ಇಳಿಸುವುದು. ಏರಿನಲ್ಲಿ ಎಂಜಿನ್ನು ಮುದುಕನ ಹಾಗೆ ಕೆಮ್ಮುತ್ತ ಹತ್ತುತ್ತಿತ್ತು. ಕ್ಯಾಂಟೀನ್ ತಿರುವಿನಲ್ಲಿ ನಿಂತೇಬಿಡುತ್ತದೆ ಅನ್ನುವಷ್ಟು ನಡುಗಿ ಮತ್ತೆ ಜೀವ ಹಿಡಿಯುತ್ತಿತ್ತು. ಒಬ್ಬೊಬ್ಬರಾಗಿ ಹಿಂದಿನವರು ದಾಟಿದರು. ಒಂದು ಸಲ ಒಂದು ಸುತ್ತು ಹೆಚ್ಚು ಹಾಕಿ ಹಿಂದಿನಿಂದ ಬಂದ ಟೈಲ್ಸ್ ಅವರನ್ನು ದಾಟುತ್ತ ಕಿಟಕಿಯಿಂದ ಕೈ ಆಡಿಸಿ, ಒಳಗೆ ಹೋಗಿ ಎಂದು ಸನ್ನೆ ಮಾಡಿದ. ಡಾಕ್ಟರು ಅವನ ಕಡೆ ನೋಡಲಿಲ್ಲ. ಅವರಿಗೆ ಅಷ್ಟು ಹೊತ್ತಿಗೆ ಕೈ, ಕಾಲು, ಕಿವಿ ಎಲ್ಲಕ್ಕೂ ಕೆಲಸವಿತ್ತು. ಇಷ್ಟು ವರ್ಷ ರೇಸು ಓಡಿಸುವ ವೇಷ ಹಾಕಿದ್ದ ಮನುಷ್ಯ ಮೊದಲ ಸಲ ರೇಸು ಓಡಿಸುತ್ತಿದ್ದರು. ವೇಷ ಬೆವರಿನಲ್ಲಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು.

ಏಳನೆಯ ಸುತ್ತಿನಲ್ಲಿ ಔಷಧಿ ಅಂಗಡಿಯವನು ಕ್ಯಾಂಟೀನ್ ತಿರುವಿನಲ್ಲಿ ಜಾರಿ, ಬುಗುರಿಯ ಹಾಗೆ ತಿರುಗಿ, ದಾರಿಗೆ ಅಡ್ಡಲಾಗಿ ನಿಂತ. ಡಾಕ್ಟರಿಗೆ ಬ್ರೇಕು ಒತ್ತುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಕಾರು ನಿಂತಿತು. ಕ್ಲಚ್ಚಿಲ್ಲದ ಕಾರು ನಿಂತರೆ ಎಂಜಿನ್ನೂ ನಿಲ್ಲುತ್ತದೆ. ಎಲ್ಲ ಸುಮ್ಮನಾಯಿತು. ಹತ್ತು ಮಾರು ದೂರದಲ್ಲಿ ಮಡಚುವ ಕುರ್ಚಿಯ ಮೇಲೆ ಹೆಂಡತಿ ಕೂತಿದ್ದಳು.

ತಿರುವಿನ ಕಾವಲಿಗಿದ್ದ ಕ್ಲಬ್ಬಿನವನೊಬ್ಬ ಓಡಿಬಂದ. ಅವನು ಹೋದದ್ದು ಅಡ್ಡ ನಿಂತ ಕಾರಿನ ಬಳಿಗಲ್ಲ, ಡಾಕ್ಟರ ಬಳಿಗೆ. ಕೈಯಲ್ಲಿ ಎಳೆಯುವ ಹಗ್ಗ ಆಗಲೇ ಇತ್ತು.

"ಆಯ್ತು ಬನ್ನಿ ಡಾಕ್ಟ್ರೇ, ಇಳೀರಿ. ಏನಾಯ್ತು ಈ ಸಲ?"

"ಹಗ್ಗ ತಗೊಂಡು ಹೋಗಿ ಆ ಕಡೆ."

"ಸುಮ್ನೆ ಯಾಕೆ ಸಾರ್ ಒದ್ದಾಟ—"

"ಹಗ್ಗ ತಗೊಂಡು ಹೋಗಿ ಅಂದೆ."

ಔಷಧಿ ಅಂಗಡಿಯವನು ಹಿಂದೆ ಸರಿದು ದಾರಿ ಬಿಟ್ಟ. ಡಾಕ್ಟರು ನಿಂತ ಕಾರನ್ನೇ ಒಂದನೆಯ ಗೇರಿಗೆ ಹಾಕಿ ಕೀಲಿ ತಿರುಗಿಸಿದರು. ಸ್ಟಾರ್ಟರಿನ ಬಲಕ್ಕೇ ಕಾರು ಕಪ್ಪೆಯ ಹಾಗೆ ಒಂದು ನೆಗೆತ ನೆಗೆಯಿತು, ಇನ್ನೊಂದು ನೆಗೆಯಿತು. ಮೂರನೆಯದಕ್ಕೆ ಎಂಜಿನ್ನು ಹತ್ತಿಕೊಂಡಿತು. ಹಗ್ಗದವನು ಪಕ್ಕದ ಟಯರುಗಳ ಮೇಲೆ ಹಾರಿದ. ಹೆಂಡತಿ ಕುರ್ಚಿಯಿಂದ ಎದ್ದು ನಿಂತಳು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಕಾರು ಏರುವಾಗ ಪ್ರತಿ ಸಲವೂ ನಡುವೆ ಒಂದು ಉದ್ದನೆಯ ಬಿಡುವು, ಆಮೇಲೆ ಸಣ್ಣ ಕಿರುಗು. ಅವಳು ಅದನ್ನು ಕೇಳುತ್ತ, ಕಾರು ಗೋದಾಮಿನ ಹಿಂದೆ ಮರೆಯಾಗುವವರೆಗೆ ನಿಂತೇ ಇದ್ದಳು.

ಡಾಕ್ಟರು ಆರನೆಯವರಾಗಿ ಮುಗಿಸಿದರು. ಉಳಿದ ಮೂವರು ಮುಗಿಸಿರಲಿಲ್ಲ. ಅಂದರೆ ಓಡಿದವರಲ್ಲಿ ಇವರೇ ಕೊನೆ. ಗೆದ್ದವನು ಟೈಲ್ಸ್. ಚಹಾದ ಮೇಜಿನ ಸುತ್ತ ಎಲ್ಲರೂ ಆಗಲೇ ತಂತಮ್ಮ ಶೌರ್ಯದಲ್ಲಿ ಮುಳುಗಿದ್ದರು. ಡಾಕ್ಟರು ಹೆಲ್ಮೆಟ್ ಕೂಡ ತೆಗೆಯದೆ ಅಲ್ಲಿಗೆ ಬಂದರು.

"ಮೂರನೇ ಸುತ್ತಲ್ಲಿ ಕ್ಲಚ್ ಕೇಬಲ್ ತುಂಡಾಯ್ತು," ಅಂದರು. "ಆದ್ರೂ ಮುಗಿಸಿದೆ."

ಬಾವುಟದವನು ಲೋಟ ಕೆಳಗಿಟ್ಟು ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು. "ಇದು ಹೊಸದು ಡಾಕ್ಟ್ರೇ. ಕೈಕೊಟ್ಟ ಮೇಲೂ ಓಡೋ ಕಾರು."

"ನಗಬೇಡಿ. ಬಂದು ಪೆಡಲ್ ಒತ್ತಿ ನೋಡಿ."

"ನಂಬ್ತೀವಿ ಬಿಡಿ, ಚಹಾ ತಗೊಳ್ಳಿ."

"ನಂಬೋದು ಬೇಡ. ಒತ್ತಿ ನೋಡಿ ಅಂತಿದೀನಿ."

ಯಾರೂ ಕದಲಲಿಲ್ಲ. ಇಪ್ಪತ್ತು ಹೆಜ್ಜೆ ನಡೆದು ಸೀಟಿನಲ್ಲಿ ಕೂತು ಕಾಲು ಒತ್ತಿದ್ದರೆ ಆಗುತ್ತಿತ್ತು. ಆದರೆ ಕೈಯಲ್ಲಿ ಬಿಸಿ ಚಹಾ ಇತ್ತು, ನಿಜ ತಿಳಿಯುವ ತುರ್ತು ಯಾರಿಗೂ ಇರಲಿಲ್ಲ. ಕೊನೆಗೆ ಅಲ್ಲಾಡಿದ್ದು ಹೆಂಡತಿ. ಅವಳು ನೇರವಾಗಿ ಕಾರಿಗೆ ಹೋಗಿ, ಸೆರಗು ಸಿಕ್ಕಿಸಿಕೊಂಡು ಪೈಪುಗಳ ನಡುವೆ ನುಸುಳಿ ಕೂತು, ಪೆಡಲ್ ಒತ್ತಿದಳು. ಅದು ಬಾರು ಕಿತ್ತ ಚಪ್ಪಲಿಯ ಹಾಗೆ ಪಟ್ ಎಂದು ಬಿತ್ತು. ಅವಳು ಇಳಿದು ಬಂದಳು.

"ಹೋಗಿ ಒತ್ತಿ ನೋಡೋ," ಅಂದಳು ತಮ್ಮನಿಗೆ.

ಟೈಲ್ಸ್ ಹೋಗಬೇಕಾಯಿತು. ಒತ್ತಿದ, ಬಗ್ಗಿ ನೋಡಿದ, ತುಂಡಾದ ಕೇಬಲ್ಲಿನ ಕೂದಲಿನಂಥ ಎಳೆಗಳನ್ನು ಮುಟ್ಟಿಯೂ ನೋಡಿದ. ಇಳಿದು ಬಂದು ಅಂದ: "ತುಂಡಾಗಿರೋದು ಹೌದು. ಆದ್ರೆ ಈಗ್ತಾನೇ ಆಗಿರ್ಬೇಕು, ಇಲ್ಲಿ ನಿಲ್ಲಿಸೋವಾಗ. ಏಳು ಸುತ್ತು ಕ್ಲಚ್ಚಿಲ್ದೆ ಓಡ್ಸೋಕಾಗುತ್ತಾ ಭಾವ? ನನ್ನ ಕೈಲೇ ಆಗಲ್ಲ."

ಕೊನೆಯ ಮಾತು ಎಲ್ಲರಿಗೂ ಸರಿ ಅನ್ನಿಸಿತು. ಟೈಲ್ಸ್ ಕೈಲಿ ಆಗದ್ದು ಲೋಕದಲ್ಲಿ ಆಗುವುದಾದರೂ ಹೇಗೆ?

ಮೆಕ್ಯಾನಿಕ್ಕನ್ನು ಕರೆದರು. ಅವನು ಒಳಗೆ ತಲೆ ಹಾಕಿದ. ಹಾಕಿದವನು ಬೇಗ ತೆಗೆಯಲಿಲ್ಲ. ಎಳೆಗಳಲ್ಲಿ ಅರ್ಧಕ್ಕರ್ಧ ತುಕ್ಕು ಹಿಡಿದಿದ್ದವು. ಅದು ಒಂದು ದಿನದ ಸವಕಲಲ್ಲ. ಕ್ಲಬ್ಬಿನ ಅರ್ಧ ಕಾರು ಅವನ ಶೆಡ್ಡಿಗೇ ಬರುತ್ತಿದ್ದವು, ಅವುಗಳ ಮಾಲೀಕರೆಲ್ಲ ಹಿಂದೆ ನಿಂತಿದ್ದರು. "ಈಗ್ತಾನೇ ಆಗಿರೋದು ಸಾರ್," ಅಂದ, ತಲೆ ಹೊರಗೆ ತೆಗೆಯದೆಯೇ. ಇಷ್ಟು ದಿನ ಇಲ್ಲದ ರೋಗಕ್ಕೆ ಸಾಕ್ಷಿ ಹೇಳಿದವನು ಇದ್ದ ರೋಗಕ್ಕೆ ಬೆನ್ನು ತೋರಿಸಿದ.

ಡಾಕ್ಟರು ಅವನನ್ನು ನೋಡಿದರು. ಶೆಡ್ಡಿಗೆ ಹೋಗಿ ಹೇಳಿದ್ದನ್ನು ಎತ್ತಬಹುದಿತ್ತು. ಎತ್ತಿದರೆ ಅವನು ಹಳೆಯದನ್ನೆಲ್ಲ ಎತ್ತುತ್ತಿದ್ದ. ಅವರು ಮಾತಾಡದೆ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿ ಸೀಟಿಗೆ ಹತ್ತಿದರು. ಗೇರು ಒಂದಕ್ಕೆ. ಕೀಲಿ. ಕಾರು ನೆಗೆಯಿತು. ಚಹಾದವರು ಲೋಟ ಹಿಡಿದುಕೊಂಡೇ ಹಿಂದೆ ಹಾರಿದರು. ಡಾಕ್ಟರು ಗಿರಣಿಯ ಅಂಗಳದಲ್ಲಿ ಎರಡಕ್ಕೆ ಏರಿಸಿದರು, ಬಾಯ್ಲರ್ ಮನೆಯನ್ನು ಬಳಸಿ ಮೂರಕ್ಕೆ ಏರಿಸಿದರು, ಕಾದು ಎರಡಕ್ಕೆ ಇಳಿಸಿದರು. ಒಂದು ಸಲವೂ ಕರಕರ ಅನ್ನಲಿಲ್ಲ. ತಿರುಗಿ ಬಂದು ಮೇಜಿನ ಮುಂದೆ ಬ್ರೇಕು ಹಾಕಿದರು. ಎಂಜಿನ್ನು ಕುಲುಕಿ ಸತ್ತಿತು.

ಈಗ ನಂಬದೆ ಗತಿ ಇರಲಿಲ್ಲ. ಯಾರೋ ಎರಡು ಸಲ ಚಪ್ಪಾಳೆ ತಟ್ಟಿ, ಉಳಿದವರು ತಟ್ಟದ್ದನ್ನು ನೋಡಿ ನಿಲ್ಲಿಸಿದರು. ಡಾಕ್ಟರು ಇಳಿದು ಹೆಲ್ಮೆಟ್ ತೆಗೆದರು. ಮುಖದ ಮೇಲೆ ಗೆದ್ದ ಕಳೆ ಬಂದಿತ್ತು. ಅದು ನಿಲ್ಲುವಷ್ಟರಲ್ಲಿ ಬಾವುಟದವನು ಬಾಯಿ ತೆರೆದ. ಅವನಿಗೆ ಅಚ್ಚಿನ ತಪ್ಪು ಹಿಡಿಯುವುದು ವೃತ್ತಿ.

"ಅಲ್ಲ ಡಾಕ್ಟ್ರೇ, ಒಂದು ಕೇಳ್ತೀನಿ. ಕ್ಲಚ್ಚಿಲ್ದೆ ಏಳು ಸುತ್ತು ಓಡಿಸ್ತೀರಿ ಅಂದ್ಮೇಲೆ, ಹೋದ ತಿಂಗಳು ಕ್ಲಚ್ ಕೇಬಲ್ ಹೋಯ್ತು ಅಂತ ಒಳಗೆ ಬಂದ್ರಲ್ಲ, ಅದು?"

ಡಾಕ್ಟರು ಕತ್ತಿನ ಪಟ್ಟಿ ಬಿಚ್ಚುತ್ತಿದ್ದವರು ಬಿಚ್ಚುವುದನ್ನು ನಿಲ್ಲಿಸಿದರು. ಈ ಒಂದನ್ನು ನಿಜವೆಂದು ಸಾಧಿಸಿ ಹಿಂದಿನದನ್ನೆಲ್ಲ ತಾವೇ ಸುಳ್ಳು ಮಾಡಿದ್ದರು. ಇಷ್ಟು ಚೆನ್ನಾಗಿ ಯಾವ ಶತ್ರುವೂ ಅವರ ಮೇಲೆ ಸಾಕ್ಷಿ ಹೇಳಲಾರ.

"ಹೇಳಿ ಭಾವ," ಅಂದ ಟೈಲ್ಸ್, ಮೆಲ್ಲಗೆ.

"ಅವರೇನು ಹೇಳೋದು," ಅಂದಳು ಹೆಂಡತಿ. "ಸುಳ್ಳು ಅಂತ ನಿಮಗೆಲ್ಲ ಮೊದಲನೇ ತಿಂಗಳೇ ಗೊತ್ತಿತ್ತಲ್ಲ. ಗೊತ್ತಿದ್ದು ಛೇ ಪಾಪ ಅಂದ್ರಲ್ಲ, ನಿಮ್ಮದನ್ನ ಯಾವ ಲೆಕ್ಕಕ್ಕೆ ಹಾಕೋದು? ಇವರು ಒಬ್ಬರೇ ಹೇಳಿದ್ರು. ನೀವು ಎಂಟು ಜನ ಸೇರಿ ಹೇಳಿದ್ರಿ." ಆಮೇಲೆ ಮೇಜಿನ ಮೇಲಿದ್ದ ಕಪ್ಪನ್ನು ಎತ್ತಿ ತಮ್ಮನ ಕೈಗೆ ಕೊಟ್ಟಳು. "ತಗೋ. ಫೋಟೋ ತೆಗೆಯೋರು ಯಾರು? ಬೇಗ ತೆಗೀರಿ, ಬಿಸಿಲು."

ಫೋಟೋದಲ್ಲಿ ಟೈಲ್ಸ್ ನಗುತ್ತಿರಲಿಲ್ಲ. ಅಂಗಡಿಯಲ್ಲಿ ಅದನ್ನು ತೂಗುಹಾಕಲಿಲ್ಲ.

ರೇಸಿನ ಕಾರನ್ನು ಅಲ್ಲೇ ಬಿಟ್ಟು ಹೆಂಡತಿಯ ಕಾರಿನಲ್ಲಿ ಮನೆಗೆ ಹೊರಟರು. ಓಡಿಸಿದ್ದು ಅವಳು. ಊರಿನ ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಂತಿತು.

"ಚಹಾ ಪಂದ್ಯ ಕಟ್ಟಿದ್ರು," ಅಂದರು ಡಾಕ್ಟರು. "ಏನು ಕೈಕೊಡುತ್ತೆ ಅಂತ. ಗೋಡೆ ಆಚೆಯಿಂದ ಕೇಳಿಸ್ತು."

"ಗೊತ್ತು. ನಾನೂ ಕಟ್ಟಿದ್ದೆ."

ಅವರು ತಿರುಗಿ ನೋಡಿದರು. ಅವಳು ಸಿಗ್ನಲ್ಲನ್ನೇ ನೋಡುತ್ತಿದ್ದಳು.

"ಏನು ಅಂತ?"

"ಬ್ರೇಕು."

ಡಾಕ್ಟರಿಗೆ ಅವಮಾನವಾಗಿತ್ತು, ಆದರೆ ಅದಕ್ಕಿಂತ, ಮದುವೆಯಾದ ಇಷ್ಟು ವರ್ಷಕ್ಕೆ ಈ ಹೆಂಗಸು ತನ್ನ ಪಕ್ಕದಲ್ಲಿ ಎಚ್ಚರವಾಗಿ ಕೂತಿದ್ದಳು ಎಂಬುದು ಅವರನ್ನು ದಂಗುಬಡಿಸಿತ್ತು. ಅವರು ಕೇಳಿದ್ದು ಬೇರೆಯೇ. "ತಿರುವಲ್ಲಿ ನೀನು ಎದ್ದು ನಿಂತಿದ್ಯಲ್ಲ, ಯಾಕೆ?"

"ಗೇರು ಹಾಕೋದು ಕೇಳಿಸ್ತಿತ್ತು," ಅಂದಳು. "ಹೇಗೆ ಹಾಕಿದ್ರಿ?"

ಅವರು ಹೇಳಿದರು. ಆಕ್ಸಿಲರೇಟರ್ ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು, ಕೋಲು ಬೆರಳಿಗೆ ಹೇಗೆ ತಿಳಿಸುತ್ತದೆ ಎಂಬುದನ್ನು. ಅದರಲ್ಲಿ ತಾನು ಮುಂದಿದ್ದೆ ಅನ್ನುವ ಮಾತು ಬರಲಿಲ್ಲ. ಕಥೆ ಅಷ್ಟೇನೂ ರಂಜಕವಾಗಿರಲಿಲ್ಲ. ನಿಜವಾದ ಕಥೆಗಳಿಗೆ ಆ ಒಂದು ದೋಷ ಇದ್ದದ್ದೇ. ಅವಳು ನಡುನಡುವೆ ಒಂದೊಂದು ಪ್ರಶ್ನೆ ಕೇಳಿದಳು. ಮನೆ ಬಂದ ಮೇಲೂ ಇಬ್ಬರೂ ಕಾರಿನಲ್ಲೇ ಸ್ವಲ್ಪ ಹೊತ್ತು ಕೂತಿದ್ದರು.

ಇದರಿಂದ ಡಾಕ್ಟರು ಒಳ್ಳೆಯ ಓಟಗಾರರಾದರು ಎಂದು ಯಾರಾದರೂ ತಿಳಿದರೆ ಅದು ಅವರ ತಪ್ಪು. ಮೆಕ್ಯಾನಿಕ್ಕನ್ನು ಬದಲಾಯಿಸಿದರು, ಹೊಸ ಕೇಬಲ್ಲು ಹಾಕಿಸಿದರು, ಮುಂದಿನ ತಿಂಗಳು ಸರಿಯಾದ ಕಾರಿನಲ್ಲಿ ಒಂಬತ್ತರಲ್ಲಿ ಎಂಟನೆಯವರಾಗಿ ಮುಗಿಸಿದರು. ಚಹಾದ ಮೇಜಿನ ಬಳಿ ಔಷಧಿ ಅಂಗಡಿಯವನು ಅಭ್ಯಾಸಬಲದಿಂದ, "ಏನಾಯ್ತು ಡಾಕ್ಟ್ರೇ?" ಅಂದ.

"ಏನೂ ಆಗ್ಲಿಲ್ಲ. ನಾನು ನಿಧಾನ," ಅಂದರು ಡಾಕ್ಟರು.

ಇದು ಯಾರಿಗೂ ಹಿಡಿಸಲಿಲ್ಲ. ಆ ದಿನ ಒಂಬತ್ತನೆಯವನಾಗಿದ್ದ ಔಷಧಿ ಅಂಗಡಿಯವನ ಬಳಿ ಒಂದು ಒಳ್ಳೆಯ ಸ್ಪಾರ್ಕ್ ಪ್ಲಗ್ಗಿನ ಕಥೆ ಸಿದ್ಧವಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ. ಅದರ ಮುಂದಿನ ತಿಂಗಳು ಡಾಕ್ಟರು ಏಳನೆಯವರು. ಅದರ ಮುಂದಿನ ತಿಂಗಳು ಮತ್ತೆ ಎಂಟು. ಪ್ರತಿ ಸಲವೂ ಅದೇ ಉತ್ತರ. ಸುಳ್ಳು ಹೇಳುವವನನ್ನು ಸಹಿಸಬಹುದು, ಅವನ ಜೊತೆ ಚಹಾ ಕುಡಿಯಬಹುದು. ಕೇಳಿದ್ದಕ್ಕೆಲ್ಲ ಇದ್ದದ್ದನ್ನೇ ಹೇಳುವವನು ಮೇಜಿನ ಮೇಲೆ ಕೂತ ಕಲ್ಲು. ಜನ ಲೋಟ ಹಿಡಿದುಕೊಂಡು ಮೆಲ್ಲನೆ ಆ ತುದಿಗೆ ಸರಿಯತೊಡಗಿದರು.

ಒಂದು ಸಂಜೆ ಟೈಲ್ಸ್ ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಭಾವಂಗೆ ನೀನೇ ಒಂದು ಮಾತು ಹೇಳು. ವಯಸ್ಸಾಯ್ತು, ಸಾಕು ಅಂತ."

"ಯಾಕೋ? ಯಾರಿಗಾದ್ರೂ ಡಿಕ್ಕಿ ಹೊಡೆದ್ರಾ?"

"ಅದಲ್ಲ. ಒಂಥರಾ ಆಗಿದೆ ಎಲ್ಲರಿಗೂ. ಮಾತೇ ಇಲ್ಲ. ಮೊದಲು ಎಷ್ಟು ಮಜಾ ಇರ್ತಿತ್ತು."

"ನೀನೇ ಹೇಳು. ಅಧ್ಯಕ್ಷ ಅಲ್ವಾ?"

ಅವನು ಹೇಳಲಿಲ್ಲ. ಅವನಿಗೆ ಅಷ್ಟು ಧೈರ್ಯವಿದ್ದಿದ್ದರೆ ಭಾವನ ಸುಳ್ಳನ್ನು ಎಂದೋ ಅವರ ಮುಖಕ್ಕೇ ಹೇಳಿರುತ್ತಿದ್ದ. ಡಾಕ್ಟರು ತಿಂಗಳು ತಿಂಗಳೂ ಹೋಗುತ್ತಾರೆ. ಹೆಂಡತಿ ಆಗಾಗ ಜೊತೆಗೆ ಹೋಗಿ ಕ್ಯಾಂಟೀನ್ ತಿರುವಿನಲ್ಲಿ ಕೂರುತ್ತಾಳೆ. ಸಂಜೆ, ಎಲ್ಲಿ ತಡವಾಗಿ ಬ್ರೇಕು ಒತ್ತಿದಿರಿ, ಎಲ್ಲಿ ಸುಮ್ಮಸುಮ್ಮನೆ ಹೆದರಿದಿರಿ ಎಂದು ಮುಲಾಜಿಲ್ಲದೆ ಹೇಳುತ್ತಾಳೆ. ಅವರು ಇನ್ನೂ ನಿಧಾನವೇ.